ಚಿಮಣಿಯಲ್ಲಿದ್ದ ಒಂಟಿ ಶೂ

"ಆ ಕಲ್ಲಿಗೆ ಮಾತ್ರ ಕೈ ಹಚ್ಚಬೇಡ ಜೆಮ್. ಗೋಡೆನೇ ಕುಸಿದು ಬಿದ್ದೀತು."

ಅರವತ್ತಾರರ ಮಿಲಿಸೆಂಟ್ ಆರ್ಚರ್ ಬೆಳಗ್ಗಿನಿಂದ ಇದನ್ನು ಮೂರನೆಯ ಸಲ ಹೇಳುತ್ತಿದ್ದಳು. ಕಲ್ಲುಕೆಲಸದ ಜೆಮ್ ಹ್ಯಾಲೆಟ್ ಉಳಿ ಕೆಳಗಿಡಲಿಲ್ಲ.

"ಮೂವತ್ತು ವರ್ಷದಿಂದ ಇದನ್ನೇ ಹೇಳ್ತಿದ್ದೀರಿ ಮಿಸ್. ಮನೆಯ ಚರಿತ್ರೆ ನೀವು ನೋಡ್ಕೊಳ್ಳಿ, ಗೋಡೆ ನಾನು ನೋಡ್ಕೋತೀನಿ."

ಆರ್ಲ್‌ಕಾಟ್ ಊರಿನ ದೊಡ್ಡಮನೆಗೆ ಆರುನೂರು ವರ್ಷ. ಅಲ್ಲಿ ಆಳಿದ ಐದು ಮನೆತನಗಳ ಜಾತಕವೂ ಮಿಲಿಸೆಂಟಳಿಗೆ ಬಾಯಿಪಾಠ. ಯಾವ ಒಡೆಯ ರಾಜದ್ರೋಹ ಮಾಡಿ ತಲೆ ಕಳೆದುಕೊಂಡ, ಯಾವ ವಿಧವೆ ಎರಡು ಮೊಲಗಳಿಗಾಗಿ ಒಕ್ಕಲಿನವನನ್ನು ನ್ಯಾಯಕ್ಕೆಳೆದಳು, ಎಲ್ಲವನ್ನೂ ಚರ್ಮದ ಸುರುಳಿಗಳಿಂದ ಹೆಕ್ಕಿ ನಾನೂರು ಪುಟ ಬರೆದಿದ್ದಳು. ಮೊಲಗಳಿಗೇ ಮೂರು ಪುಟ. 1937ಕ್ಕೆ ಮಾತ್ರ ಒಂದೇ ಸಾಲು: 'ಈ ವರ್ಷ ದೊಡ್ಡ ಕೋಣೆಯ ಚಿಮಣಿ ದುರಸ್ತಿಯಾಯಿತು.'

ಆ ವರ್ಷ ಇನ್ನೂ ಒಂದು ನಡೆದಿತ್ತು, ಅದು ಊರಿಗೆಲ್ಲ ಗೊತ್ತು. ಮನೆಯ ಕೂಸಿಗೆ ದೀಕ್ಷಾಸ್ನಾನದ ದಿನ ಉಡುಗೊರೆಯಾಗಿ ಬಂದಿದ್ದ ಬೆಳ್ಳಿ ಬಟ್ಟಲು ಕಾಣೆಯಾಗಿತ್ತು. ಕೂಸು ಜ್ವರದಲ್ಲಿ ಮಲಗಿತ್ತು, ಆ ವಾರವೇ ತೀರಿಹೋಯಿತು. ಅದನ್ನು ಆಡಿಸುತ್ತಿದ್ದ ಹದಿನಾರರ ಟ್ಯಾಬಿತಾ ಹ್ಯಾಲೆಟ್‌ಳನ್ನು ಕಳ್ಳಿಯೆಂದು ಮನೆಯಿಂದ ಓಡಿಸಿದರು. ಮುಂದಿನ ಭಾನುವಾರ ಪಾದ್ರಿ ಅವಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಿಯೇ ಕಳ್ಳತನದ ಬಗ್ಗೆ ಉಪದೇಶ ಮಾಡಿದರು. ಹ್ಯಾಲೆಟ್ ಮನೆಯವರು ಇನ್ನೆಂದೂ ಚರ್ಚಿನ ಗಂಟೆಯ ಹಗ್ಗ ಮುಟ್ಟಕೂಡದು ಎಂದು ಕಟ್ಟಳೆಯನ್ನೂ ಮಾಡಿದರು. ಆರ್ಲ್‌ಕಾಟಿನಲ್ಲಿ ಗಂಟೆಯ ಹಗ್ಗ ಅಪ್ಪನಿಂದ ಮಗನ ಕೈಗೆ ಬರುವಂಥದ್ದು. ಪಾದ್ರಿ ಸತ್ತರೂ ಕಟ್ಟಳೆ ಸಾಯಲಿಲ್ಲ. ಟ್ಯಾಬಿತಾಳ ಅಣ್ಣನ ಮಗ ಜೆಮ್‌ಗೆ ಐವತ್ತು ದಾಟಿತು. ಊರಿನ ಮದುವೆಗಳಿಗೆ ಗಂಟೆ ಬಾರಿಸುವಾಗ ಅವನು ಇಂದಿಗೂ ಹೊರಗೆ, ಸಮಾಧಿಗಳ ನಡುವೆ ನಿಲ್ಲುತ್ತಾನೆ.

ಆ ಪಾದ್ರಿಯ ಮಗಳೇ ಮಿಲಿಸೆಂಟ್. ಅವಳಿಗೆ ಹಳೆಯ ಮನೆಗಳ ಹುಚ್ಚು ಹಿಡಿಸಿದವಳು ಮಾತ್ರ ಟ್ಯಾಬಿತಾ, ಚಿಕ್ಕಂದಿನಲ್ಲಿ ದೊಡ್ಡಮನೆಯ ತೊಟ್ಟಿಲ ಪಕ್ಕ ಕೂರಿಸಿಕೊಂಡು ಕಲ್ಲುಕೆಲಸದವರ ಕಥೆ ಹೇಳಿ ಹೇಳಿ. ಅಪ್ಪ ಮಾಡಿದ್ದಕ್ಕೆ ನಾಚಿಕೆಯಾಗುತ್ತದೆ ಎಂದು ಪ್ರತಿ ಗುರುವಾರ ಕೇಕು ಹಿಡಿದು ಟ್ಯಾಬಿತಾಳ ಮನೆಗೆ ಹೋಗುತ್ತಿದ್ದಳು. ಎಂಥ ದೊಡ್ಡ ಗುಣ ಎಂದು ಊರು ಹೊಗಳುತ್ತಿತ್ತು. ಹೊಗಳಿದಷ್ಟೂ ಮಿಲಿಸೆಂಟಳ ತಲೆ ತಗ್ಗುತ್ತಿತ್ತು.

ಬಟ್ಟಲನ್ನು ಒಡೆಯನೇ ಮಾರಿ ಕುಡಿದ ಎಂಬುದು ಜೆಮ್‌ನ ನಂಬಿಕೆ. ಅದಕ್ಕೆ ಒಂದು ಚೀಟಿಯಾದರೂ ಸಿಕ್ಕೀತೇ ಎಂದು ಆಗಾಗ ಕೇಳುತ್ತಿದ್ದ. "ಸಿಗಲಿಲ್ಲ ಜೆಮ್" ಎನ್ನುತ್ತಿದ್ದಳು ಮಿಲಿಸೆಂಟ್, ಅವನ ಮುಖ ನೋಡದೆ.

ಈಗ ಮನೆ ಕೊಂಡ ಮಿಸೆಸ್ ಪಾರ್ಜಿಟರ್ ಚಿಮಣಿ ಬಿಚ್ಚಲೇಬೇಕೆಂದಿದ್ದಳು. ನೋಡಲು ಟ್ಯಾಬಿತಾಳೂ ಬಂದಿದ್ದಳು, ಅರವತ್ತು ವರ್ಷಗಳ ಮೇಲೆ. ಪಕ್ಕದ ಕುರ್ಚಿಯಲ್ಲಿ ಮಿಲಿಸೆಂಟ್ ಕೈಚೀಲವನ್ನು ಮಡಿಲಲ್ಲಿ ಅವುಚಿಕೊಂಡು ಕೂತಿದ್ದಳು. ಟೀ ಕೊಟ್ಟಾಗಲೂ ಅದನ್ನು ಕೆಳಗಿಟ್ಟಿರಲಿಲ್ಲ.

ಕಲ್ಲು ಸರಿಯಿತು. ಜೆಮ್ ಕೈ ಹಾಕಿ ಮಸಿ ಮೆತ್ತಿದ ಪುಟ್ಟ ಶೂ ಒಂದನ್ನು ಹೊರಗೆಳೆದ.

"ನಾನೂರು ವರ್ಷದ್ದು," ಎಂದಳು ಮಿಲಿಸೆಂಟ್, ಕನ್ನಡಕವನ್ನೂ ಹಾಕದೆ.

"ಚಿಮಣಿಯೊಳಗೆ ಶೂ ಯಾಕೆ?" ಎಂದಳು ಮಿಸೆಸ್ ಪಾರ್ಜಿಟರ್.

"ಕೇಡು ಚಿಮಣಿಯಿಂದ ಇಳಿಯುತ್ತಂತೆ. ಶೂ ಒಳಗೆ ಹೊಕ್ಕರೆ ಹಿಂದಕ್ಕೆ ಬರಕ್ಕಾಗಲ್ಲ, ಸಿಕ್ಕಿಹಾಕ್ಕೊಳ್ಳುತ್ತೆ. ಒಂದೇ ಇಡಬೇಕು, ಜೋಡಿ ಇಡಂಗಿಲ್ಲ. ಯಾರನ್ನ ಉಳಿಸ್ಕೋಬೇಕೋ ಅವರದ್ದೊಂದು ವಸ್ತುನೂ ಜೊತೆಗಿಡ್ತಾರೆ. ಕಲ್ಲುಕೆಲಸದೋರ ಮನೆ ಮಕ್ಕಳಿಗೆಲ್ಲ ಗೊತ್ತಿರೋದೇ ಇದು."

ಹೇಳುತ್ತಲೇ ಜೆಮ್ ಶೂ ಒರೆಸಿದ. ಮಸಿಯಡಿಯಿಂದ ಕೆಂಪು ಚರ್ಮ ಇಣುಕಿತು, ಹೊಳೆಯುವ ಬಕಲ್ಲು ಕಂಡಿತು.

"ನಾನೂರು ವರ್ಷದ ಹಿಂದೆ ಇಂಥ ಬಕಲ್ ಮಾಡ್ತಿದ್ರಾ ಮಿಸ್?" ಎಂದು ನಕ್ಕು ಮತ್ತೆ ಕೈ ಹಾಕಿದ. ನಗು ಅಲ್ಲೇ ನಿಂತಿತು. ಅವನ ಅಂಗೈಯಲ್ಲಿ ಬೆಳ್ಳಿ ಬಟ್ಟಲಿತ್ತು, ಮೇಲೆ ಕೂಸಿನ ಹೆಸರು.

"1937ರಲ್ಲಿ ಈ ಚಿಮಣಿ ಕಟ್ಟಿದ್ದು ಯಾರು?" ಎಂದಳು ಮಿಸೆಸ್ ಪಾರ್ಜಿಟರ್.

"ನಮ್ಮಜ್ಜ."

"ಅಂದ್ರೆ ಈ ಅಜ್ಜಿಯ ಅಪ್ಪ. ಮಗಳು ಕದ್ದಳು, ಅಪ್ಪ ಬಚ್ಚಿಟ್ಟ. ಮೇಲೊಂದು ಶೂ ಇಟ್ಟು ಮರೆಮಾಚಿದ. ಇನ್ನೇನು ಬೇಕು?"

ಜೆಮ್‌ನ ಕಿವಿಗಳು ಕೆಂಪಾದವು. ಮನೆತನದ ಕಳಂಕ ತೊಳೆಯಬೇಕೆಂದಿದ್ದವನು ತನ್ನ ಉಳಿಯಿಂದಲೇ ಅದನ್ನು ಅಗೆದು ಎಲ್ಲರ ಮುಂದಿಟ್ಟಿದ್ದ. ಅತ್ತೆಯ ಕಡೆ ತಿರುಗುವ ಧೈರ್ಯ ಅವನಿಗಾಗಲಿಲ್ಲ.

ಟ್ಯಾಬಿತಾ ಕೈ ಚಾಚಿ ಶೂ ಇಸಿದುಕೊಂಡಳು. ಹಿಮ್ಮಡಿ ಸವೆದಿದ್ದನ್ನು ಬೆರಳಿನಿಂದ ಸವರಿದಳು.

"ಕೂಸಿಗೆ ಆಗ ಎಂಟೇ ತಿಂಗಳು ಕಣಮ್ಮ. ಇದು ಓಡಾಡೋ ಮಗುವಿನ ಶೂ. ಐದೋ ಆರೋ ವರ್ಷ ಇರಬೇಕು. ನಮ್ಮಲ್ಲಿ ಕೆಂಪು ಶೂ ಕೊಡಿಸೋ ಶಕ್ತಿ ಯಾರಿಗಿತ್ತು?"

"ಬಿಡಿ ಅಜ್ಜಿ. ಅರವತ್ತು ವರ್ಷ ಆದ್ಮೇಲೆ ಅದು ಯಾರ ಶೂ ಅಂತ ಯಾರು ಬಂದು ಹೇಳ್ತಾರೆ?"

ಟ್ಯಾಬಿತಾ ಶೂ ಅನ್ನು ಮೇಜಿನ ಮೇಲಿಟ್ಟು, "ಮನೆಗೆ ಹೋಗೋಣ ನಡಿಯೋ ಜೆಮ್" ಎಂದು ಕೋಲಿಗೆ ತಡಕಾಡಿದಳು.

ಮಿಲಿಸೆಂಟ್ ಕೈಚೀಲ ತೆರೆದು, ಮಸಿ ತಾಗದ ಇನ್ನೊಂದು ಕೆಂಪು ಶೂ ತೆಗೆದು ಅದರ ಪಕ್ಕ ಇಟ್ಟಳು.