ಅಲುಗಾಡುವ ಸೀಟು

"ಇಳಿಯಮ್ಮ, ಮಾನ ಕಳೆದದ್ದು ಸಾಕು!"

ಊರೆಲ್ಲ ಹುಡುಕಿಕೊಂಡು ಬಂದ ಮಗ ಭುಜ ಹಿಡಿದು ಅಲುಗಾಡಿಸಿದಾಗ, ನಿವೃತ್ತ ಕಂಡಕ್ಟರಮ್ಮ ಬಸ್ಸಿನ ಹಿಂದಿನ ಸೀಟಿನಲ್ಲಿ ಕಿಟಕಿಗೆ ತಲೆಯಾನಿಸಿ ಗೊರಕೆ ಹೊಡೆಯುತ್ತಿದ್ದಳು. ಮಟಮಟ ಮಧ್ಯಾಹ್ನ. ಕೊನೆಯ ಸ್ಟಾಪಿನಲ್ಲಿ ಬಸ್ಸೆಲ್ಲ ಖಾಲಿಯಾಗಿತ್ತು, ಅವಳೊಬ್ಬಳನ್ನು ಬಿಟ್ಟು.

"ಮೆತ್ತನೆ ಹಾಸಿಗೆ ತಂದುಕೊಟ್ಟೆ. ಕಿಟಕಿಗೆ ದಪ್ಪ ಪರದೆ ಹಾಕ್ಸಿದೆ. ಉಸಿರು ಎಣಿಸೋದನ್ನೂ ಹೇಳಿಕೊಟ್ಟೆ. ಇಲ್ಲಿ ಬಂದು ಮಲಗಿದ್ರೆ ಜನ ಏನಂತಾರೆ?"

"ಏನಾದ್ರೂ ಅಂದ್ಕೊಳ್ಲಿ. ನಿನ್ನ ಹಾಸಿಗೆ ಅಲುಗಾಡೋದೇ ಇಲ್ವಲ್ಲೋ! ಶಿಫ್ಟು ಮುಗಿಸಿ ಮನೆಗೆ ಹೋಗೋವಾಗ ಇಂಥ ಸೀಟಲ್ಲೇ ನಿದ್ದೆ ಮಾಡಿದವಳು ನಾನು. ಮಡಿಲಲ್ಲಿ ನೀನು, ಕಿವೀಲಿ ಇಂಜಿನ್ನು. ಈಗ ರಾತ್ರಿಯೆಲ್ಲ ಸೂರು ನೋಡ್ಕೊಂಡು ಬಿದ್ದಿರು ಅಂತೀಯಾ? ಬೇಕಾದ್ರೆ ನೀನು ಇಳಿ. ನಾನು ಇಳಿಯಲ್ಲ." ಎಂದವಳೇ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

ಹಟದಲ್ಲಿ ಅವನೂ ಅವಳ ಮಗನೇ. ವಾದ ಮುಗಿಸಿಯೇ ಏಳುವವನಂತೆ ಪಕ್ಕದಲ್ಲಿ ಕುಕ್ಕರಿಸಿದ. ಅಷ್ಟರಲ್ಲಿ ಜನ ಹತ್ತಿದರು, ಬಸ್ಸು ವಾಪಸು ಹೊರಟಿತು, ಕಿಟಕಿಯ ಗಾಜು ಗಡಗಡ ಎನ್ನತೊಡಗಿತು. "ಡಾಕ್ಟರೇ ಹೇಳಿದಾರೆ, ಹಗಲು ಮಲಗಿದ್ರೆ..." ಎಂದು ಶುರುಮಾಡಿದವನ ಮಾತು ಅಲ್ಲಿಗೇ ನಿಂತಿತು.

ಹೊಸ ಕಂಡಕ್ಟರು ಟಿಕೆಟ್ ಕೇಳಲು ಬಂದಾಗ ಮಗ ಬಾಯಿ ತೆರೆದುಕೊಂಡು ತಾಯಿಯ ಹೆಗಲಿಗೆ ಒರಗಿದ್ದ.

"ಎರಡು ಕೊಡಪ್ಪ, ಕೊನೇ ಸ್ಟಾಪಿಗೆ," ಎಂದಳು ಆಕೆ, ದನಿ ತಗ್ಗಿಸಿ. "ಇವನನ್ನ ಎಬ್ಬಿಸಿದ್ಯೋ, ಜೋಕೆ!"