ಅತ್ತೆ ಕೂತರೆ ಏರದ ಗಾಡಿ

"ನಮ್ಮತ್ತೆ ಮುಂದಿನ ಸೀಟಲ್ಲಿ ಕೂತ್ರೆ ಈ ವ್ಯಾನು ಏರು ಹತ್ತಲ್ಲ. ತಮಾಷೆ ಅಲ್ಲ ಮೀಟರಕ್ಕಾ, ಆಣೆ ಮಾಡಿ ಹೇಳ್ತೀನಿ," ಎಂದ ಅಳಿಯ.

ಗ್ಯಾರೇಜಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಅತ್ತೆಗೆ ಇದು ಕೇಳಿಸಿತು. ಕೇಳಿಸಲೆಂದೇ ಹೇಳಿದ್ದನೋ ಏನೋ. ಮರುದಿನ ಮನೆಯವರೆಲ್ಲ ಗುಡ್ಡದಾಚೆಯ ಊರಿಗೆ ಹೊರಟಿದ್ದರು. ಅಲ್ಲಿ ಹಿರಿಮಗಳು ಹೆತ್ತಿದ್ದಳು. ಕೂಸಿನ ಮುಖವನ್ನು ಅಜ್ಜಿ ಇನ್ನೂ ನೋಡಿರಲಿಲ್ಲ. ಆದರೆ ಕಿರಿಮಗಳ ಗಂಡನಾದ ಈ ಮಹಾರಾಯ ಬೆಳಿಗ್ಗೆ, "ನೀವು ಬಸ್ಸಲ್ಲಿ ಬಂದ್ಬಿಡಿ ಅತ್ತೆ, ಈ ಗಾಡಿಗೂ ನಿಮಗೂ ಆಗಿಬರಲ್ಲ," ಎಂದುಬಿಟ್ಟಿದ್ದ. ನಗುತ್ತಲೇ ಹೇಳಿದ್ದ, ಅತ್ತೆಗೆ ಮಾತ್ರ ಚುಚ್ಚಿತ್ತು. ಬಸ್ಸೇನು ಅವರಿಗೆ ಹೊಸದಲ್ಲ. ಒಂದೇ ಮನೆಯವರು ಒಂದೇ ಊರಿಗೆ ಹೋಗುವಾಗ ತಾನೊಬ್ಬಳು ಹೊರಗಿನವಳ ಹಾಗೆ ಬೇರೆ ಹೋಗಬೇಕಲ್ಲ ಎಂಬುದೇ ಅವರ ಸಂಕಟ.

ಗ್ಯಾರೇಜಿನ ಒಡತಿ ಕರೆಂಟ್ ಅಳೆಯುವ ಮೀಟರನ್ನು ಸದಾ ಕೊರಳಿಗೆ ನೇತುಹಾಕಿಕೊಂಡಿರುತ್ತಿದ್ದಳು. ಹಾಗಾಗಿಯೇ ಆ ಹೆಸರು. ಆಕೆ ಅತ್ತೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇವರೇನು ಭಾರ ಇಲ್ವಲ್ಲ. ನಿಮ್ಮ ಹೊಟ್ಟೆ ಒಂದೇ ಇವರಿಗಿಂತ ಜಾಸ್ತಿ ತೂಗುತ್ತೆ."

ಅತ್ತೆಗೆ ಆಕೆ ಆ ಕ್ಷಣವೇ ಹಿಡಿಸಿಬಿಟ್ಟಳು.

"ನನ್ನ ಹೆಂಡ್ತಿ ಕೂತ್ರೆ ಕುದುರೆ ಥರ ಓಡುತ್ತೆ," ಅಳಿಯ ಬಿಡಲಿಲ್ಲ. "ಇವರು ಕೂತ್ರೆ ತಿರುವಲ್ಲಿ ಶಕ್ತಿಯೇ ಉಡುಗಿಹೋಗುತ್ತೆ. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದ್ರೆ ಸರಿ. ಟರ್ಬೋ ಹೋಗಿದೆ ಅಂದ್ರು ಯಾರೋ. ಬದಲಾಯಿಸಿಬಿಡಿ."

"ಹೋಗಿದ್ರೆ ಎಲ್ಲರಿಗೂ ಹೋಗಿರಬೇಕಿತ್ತು. ಮುಖ ನೋಡಿ ಕೆಡೋಕೆ ಅದೇನು ನಿಮ್ಮ ಸಂಬಂಧಿಕರಾ?"

ಗಾಡಿಗೆ ತಪಾಸಣೆಯ ಯಂತ್ರ ಸಿಕ್ಕಿಸಿದ್ದೇ ತಡ, ಅದು ಅರ್ಧ ಗುಟ್ಟು ಬಿಟ್ಟುಕೊಟ್ಟಿತು. ಎಂಜಿನ್ನಿಗೆ ಹೆಚ್ಚು ಗಾಳಿ ನುಗ್ಗಿಸಿ ಬಲ ಕೊಡುವುದು ಟರ್ಬೋ. ಅದನ್ನು ಹಿಡಿತದಲ್ಲಿಡುವುದು ಒಂದು ಪುಟ್ಟ ವಾಲ್ವ್. ಆ ವಾಲ್ವಿಗೆ ಆಗಾಗ ಕರೆಂಟ್ ತಪ್ಪುತ್ತಿತ್ತು. ತಪ್ಪಿದಾಗೆಲ್ಲ ಗಾಡಿ ತಾನೇ ಹೆದರಿ ಟರ್ಬೋ ನಿಲ್ಲಿಸಿಬಿಡುತ್ತಿತ್ತು. ಮೀಟರಕ್ಕ ವಾಲ್ವ್ ಅಳೆದಳು, ಚೆನ್ನಾಗಿತ್ತು. ಫ್ಯೂಸೂ ಚೆನ್ನಾಗಿತ್ತು. ಬಾನೆಟ್ಟಿನೊಳಗೆ ತಲೆ ತೂರಿಸಿ ಒಂದೊಂದೇ ವೈರನ್ನು ಹಿಡಿದು ಅಲ್ಲಾಡಿಸಿದಳು. ಮೀಟರಿನ ಅಂಕಿ ಜಪ್ಪಯ್ಯ ಅಂದರೂ ಕದಲಲಿಲ್ಲ.

"ಇದು ನಿಂತಲ್ಲಿ ಬಾಯಿ ಬಿಡಲ್ಲ. ಏಳಿ ಅತ್ತೆ, ಗುಡ್ಡದವರೆಗೆ ಹೋಗಿಬರೋಣ."

ವಾಲ್ವಿನಿಂದ ಉದ್ದನೆಯ ತಂತಿ ಎಳೆದು ಕಿಟಕಿಯೊಳಗೆ ತಂದು, ಮೀಟರನ್ನು ತೊಡೆಯ ಮೇಲಿಟ್ಟುಕೊಂಡು ಮೀಟರಕ್ಕ ಹಿಂದಿನ ಸೀಟಿನ ನಡುವೆ ಕೂತಳು. ಅತ್ತೆ ಮುಂದೆ ಕೂತರು, ಕಳ್ಳತನ ಮಾಡಿ ಸಿಕ್ಕಿಬಿದ್ದವರಂತೆ ಮುದುಡಿಕೊಂಡು. ಮೊದಲ ಏರನ್ನು ವ್ಯಾನು ಹುರುಪಿನಿಂದಲೇ ಹತ್ತಿತು. ಅತ್ತೆಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ತಿರುವಿನಲ್ಲಿ ಲಾರಿಯೊಂದು ಎದುರಾಯಿತು. ಅಳಿಯ ವೇಗ ತಗ್ಗಿಸದೆ ಪಕ್ಕದಲ್ಲೇ ನುಗ್ಗಿಸಿದ. ಮೀಟರಿನ ಅಂಕಿ ಸೊನ್ನೆಗೆ ಬಿತ್ತು, ವ್ಯಾನು ಮುಲುಗುತ್ತಾ ತೆವಳತೊಡಗಿತು.

"ನೋಡಿದ್ರಾ! ಸುಳ್ಳು ಹೇಳಿದ್ನಾ ನಾನು?" ಗಾಡಿ ಕೆಟ್ಟಿದ್ದಕ್ಕೆ ಇಷ್ಟು ಖುಷಿಪಟ್ಟವನನ್ನು ಮೀಟರಕ್ಕ ಕಂಡಿರಲಿಲ್ಲ.

ಅತ್ತೆಯ ಕಣ್ಣಲ್ಲಿ ನೀರಾಡಿತು. "ಆಯ್ತಪ್ಪ, ನಾನು ಬಸ್ಸಲ್ಲೇ ಬರ್ತೀನಿ ಬಿಡು."

"ಸ್ವಲ್ಪ ಸುಮ್ನಿರಿ ಇಬ್ರೂ," ಮೀಟರಕ್ಕ ಸೀಟಿನ ಮೇಲಿಂದ ಬಗ್ಗಿ ಕೆಳಗೆ ಇಣುಕಿದಳು. "ಅತ್ತೆ, ಕಾಲಲ್ಲಿ ಅದೇನು ಒತ್ತಿ ಹಿಡಿದಿದೀರಿ?"

ಅತ್ತೆಯ ಕಾಲು ಮುಂದಿನ ಪ್ಲಾಸ್ಟಿಕ್ ಹಲಗೆಗೆ ಬಲವಾಗಿ ಒತ್ತಿಕೊಂಡಿತ್ತು. ಲಾರಿ ಕಂಡಾಗ ಒತ್ತಿದ್ದು, ಇನ್ನೂ ಎತ್ತಿರಲಿಲ್ಲ. ಅವರು ನಾಚಿ ನೀರಾದರು.

"ಬ್ರೇಕ್ ಹಾಕ್ತಿದ್ದೆ ಕಣಮ್ಮ. ಇವನು ಹಾಕಲ್ವಲ್ಲ."

ಮೀಟರಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಿ, ಆ ಹಲಗೆ ಬಿಚ್ಚಿದಾಗ ಎಲ್ಲ ಬಯಲಾಯಿತು. ವಾಲ್ವಿಗೆ ಹೋಗುವ ವೈರು ಹಲಗೆಗೂ ಹಿಂದಿನ ಕಬ್ಬಿಣದ ಪಟ್ಟಿಗೂ ನಡುವೆ ಸಿಕ್ಕಿ ಸವೆದಿತ್ತು. ಒಳಗಿನ ಎಳೆಗಳು ತುಂಡಾಗಿ, ತುದಿಗೆ ತುದಿ ತಾಗಿಕೊಂಡು ಹೇಗೋ ಕೆಲಸ ನಡೆಸುತ್ತಿದ್ದವು. ಮೀಟರಕ್ಕ ಕೀಲಿ ತಿರುಗಿಸಿ, ಬೆರಳಿಂದ ಅದನ್ನು ಒತ್ತಿದಳು, ಅಂಕಿ ಸೊನ್ನೆ. ಬಿಟ್ಟಳು, ಮತ್ತೆ ಕರೆಂಟ್.

"ನಿಮ್ಮತ್ತೆಯ ಕಾಲ್ಗುಣ ಚೆನ್ನಾಗೇ ಇದೆ ಸ್ವಾಮಿ, ನಿಮ್ಮ ವೈರು ಸರಿಯಿಲ್ಲ," ಎಂದಳು ಮೀಟರಕ್ಕ. "ಹೊಸ ತುಂಡು ಜೋಡಿಸಿ ದೂರ ಕಟ್ತೀನಿ. ಆಮೇಲೆ ಎಷ್ಟು ಬೇಕಾದ್ರೂ ಒತ್ತಿ ಅತ್ತೆ, ಗಾಡಿಗೆ ಗೊತ್ತೇ ಆಗಲ್ಲ."

ನಾಳೆ ಬಸ್ಸು ಹಿಡಿಯಬೇಕಿಲ್ಲ, ಕೂಸಿನ ಮನೆಗೆ ಎಲ್ಲರ ಜೊತೆಗೇ ಹೋಗಬಹುದು. ಅತ್ತೆಗೆ ಎದೆ ತುಂಬಿಬಂತು. ಆದರೂ ಆ ವೈರನ್ನೇ ನೋಡುತ್ತಾ ನಿಂತರು.

"ಗೊತ್ತೇ ಆಗಲ್ವಾ? ನಮ್ಮೆಜಮಾನ್ರು ಓಡಿಸುವಾಗ ಒತ್ತಿದೆ, ಅಣ್ಣ ಓಡಿಸುವಾಗ ಒತ್ತಿದೆ. ಹುಟ್ಟಿದಾಗಿಂದ ನಾನು ಒತ್ತಿದ್ದಕ್ಕೆ ನಿಧಾನ ಆಗಿದ್ದು ಇದೊಂದೇ ಕಣೇ."

ಮೀಟರಕ್ಕ ಮತ್ತೆ ನಕ್ಕಳು. ಅಳಿಯನೂ ನಗಲು ಹೋಗಿ, ಯಾಕೋ ಅರ್ಧಕ್ಕೇ ನಿಲ್ಲಿಸಿದ.

ಮರುದಿನ ಅತ್ತೆ ಮುಂದಿನ ಸೀಟಿನಲ್ಲೇ ಕೂತರು. ಮಗಳು, ಮೊಮ್ಮಕ್ಕಳು ಹಿಂದೆ ಗದ್ದಲ ಎಬ್ಬಿಸುತ್ತಿದ್ದರು. ವ್ಯಾನು ಗುಡ್ಡವನ್ನು ನೀರು ಕುಡಿದಷ್ಟು ಸುಲಭವಾಗಿ ಹತ್ತಿತು. ಆಚೆ ಇಳಿಯುವಾಗ ತಿರುವೊಂದರಲ್ಲಿ ಬಸ್ಸು ಎದುರಾಯಿತು. ಅತ್ತೆಯ ಕಾಲು ತಾನಾಗಿಯೇ ಹಲಗೆಯನ್ನು ಒತ್ತಿತು. ಗಾಡಿಗೆ ಏನೂ ತಿಳಿಯಲಿಲ್ಲ. ಅಳಿಯ ಓರೆಗಣ್ಣಿನಿಂದ ಆ ಕಾಲನ್ನು ನೋಡಿದ. ನೋಡಿ, ತನ್ನ ಕಾಲನ್ನು ಮೆಲ್ಲಗೆ ಬ್ರೇಕಿನ ಮೇಲೆ ಇಟ್ಟ.