ಕಂಡಕ್ಟರ್ ಇಟ್ಟ ಪಾಸ್‌ವರ್ಡ್

ಕಾಂತೇಶ ಕಂಪ್ಯೂಟರಿನ ಹಿಂದಿದ್ದ ನೀಲಿ ತಂತಿಯನ್ನು ಹಿಡಿದು ಎಳೆದ. ಅದು ಸಲೀಸಾಗಿ ಬಂದೇಬಿಟ್ಟಿತು. ಅದರ ಜಾಡು ಹಿಡಿದು ಅಂಗಳಕ್ಕೆ ಬಂದರೆ ತಂತಿ ತುಂಡಾಗಿತ್ತು. ಪಕ್ಕದಲ್ಲೇ ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ, ನೀರು ಸುರಿಯುವ ದೊಡ್ಡದೊಂದು ಕೌದಿ ನೆಲದ ಮೇಲೆ ಬಿದ್ದಿತ್ತು.

"ಅಕ್ಕಾರ, ಇಂಟರ್ನೆಟ್ಟಿನ ವೈರಿನ ಮ್ಯಾಲ ಕೌದಿ ಒಣಾಕ ಹಾಕೀರೇನ್ರಿ?"

"ಬಾಳ ಗಟ್ಟಿ ಐತಿ ಅಂತ ನೀವ ಹೇಳಿದ್ರೆಲ್ರಿ, ತಮ್ಮಾರ," ಎಂದಳು ಸಾವಿತ್ರೆವ್ವ, ತಟ್ಟುತ್ತಿದ್ದ ರೊಟ್ಟಿಯಿಂದ ಕಣ್ಣೆತ್ತದೆ.

ಸಿರಸಂಗಿಯ ಒಂಬತ್ತು ಹೆಂಗಸರ ರೊಟ್ಟಿ ಸಂಘಕ್ಕೆ ಅವಳೇ ಅಧ್ಯಕ್ಷೆ. ಸರಿಯಾಗಿ ಹನ್ನೊಂದಕ್ಕೆ ಸವದತ್ತಿಯ ಹಾಸ್ಟೆಲ್ಲಿನ ವಾರ್ಡನ್ ಉಮಾಶ್ರೀ ಮೇಡಂ ವಿಡಿಯೋದಲ್ಲಿ ಬಂದು ಇವರ ಒಲೆ, ಹಂಚು, ಕೈಯ ಚೊಕ್ಕತನ ಎಲ್ಲವನ್ನೂ ನೋಡುವವರಿದ್ದರು. ಒಪ್ಪಿದರೆ ಒಂಬತ್ತೂ ಮಂದಿಗೆ ವರ್ಷವಿಡೀ ಕೆಲಸ. ಕಾಣದೇ ಹೋದರೆ ಹಾಸ್ಟೆಲ್ಲಿನ ಆರ್ಡರು ರಾಮದುರ್ಗದ ಯಂತ್ರದ ರೊಟ್ಟಿಯವನ ಪಾಲು. ಈಗ ಹನ್ನೊಂದಕ್ಕೆ ಹತ್ತೇ ನಿಮಿಷ ಉಳಿದಿತ್ತು.

ಕಾಂತೇಶ ತುಂಡಾದ ತಂತಿಯ ಎರಡೂ ತುದಿಗಳನ್ನು ಜೋಡಿಸಲು ನೋಡಿ ಕೈಬಿಟ್ಟ. ಸಂಘದ ಮುದಿ ಕಂಪ್ಯೂಟರಿಗೆ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ ಜೀವ ತುಂಬಿದವನು ಅವನೇ. ನಿನ್ನೆ ಫೈರ್‌ವಾಲ್ ಬೇರೆ ಕಟ್ಟಿ, "ಇನ್ನ ಇದರೊಳಗ ಒಂದ ಇರಿವಿ ಸುದ್ದಾ ಹೋಗೂದಿಲ್ಲ" ಎಂದು ಮೀಸೆ ತಿರುವಿಕೊಂಡು ಹೋದವನೂ ಅವನೇ. ಇರುವೆಯೇನೋ ಬಂದಿರಲಿಲ್ಲ. ಕೌದಿಯ ವಿಚಾರ ಮಾತ್ರ ಪಾಪ, ಅವನ ತಲೆಗೆ ಹೊಳೆದಿರಲಿಲ್ಲ.

"ಹೋಗ್ಲಿ, ವೈಫೈ ಹಚ್ಚೂಣು. ರೂಟರ್ ನಿಮ್ಮ ಮನ್ಯಾಗ ಐತೆಲ್ಲ, ಇಲ್ಲಿತನಾ ಬರತೈತಿ. ಪಾಸ್‌ವರ್ಡ್ ಹೇಳ್ರಿ ಲಗೂನ."

ಸಾವಿತ್ರೆವ್ವ ತಟ್ಟುತ್ತಿದ್ದ ರೊಟ್ಟಿಯನ್ನು ಅಲ್ಲೇ ಬಿಟ್ಟಳು.

"ಅದನ್ನ ಹೇಳಾಕ ಬರೂದಿಲ್ರಿ."

"ಗೊತ್ತಿಲ್ಲೇನ್ರಿ?"

"ಗೊತ್ತೈತ್ರಿ. ಬಾಯಾಗ ತರಾಕ ಬರೂದಿಲ್ಲ. ಮನಿಯವ್ರ ಹೆಸರ ಐತ್ರಿ ಅದು."

ಮೊದಲಿದ್ದ ಪಾಸ್‌ವರ್ಡನ್ನು ಸಾವಿತ್ರೆವ್ವ ಕೇಳಿದವರಿಗೆಲ್ಲ ಹೇಳಿ, ಇಡೀ ಓಣಿ ಅವರ ಮನೆಯ ಗೋಡೆಗೆ ಒರಗಿ ಸಿನಿಮಾ ನೋಡುವಂತಾಗಿತ್ತಂತೆ. ಗಂಡ ರೋಸಿಹೋಗಿ ತನ್ನ ಹೆಸರನ್ನೇ ಇಟ್ಟುಬಿಟ್ಟ. ಗಂಡನ ಹೆಸರನ್ನು ಹೆಂಡತಿ ಹೇಳಬಾರದೆನ್ನುವ ಮನೆ ಅದು. ಇಂಥ ಭದ್ರವಾದ ಫೈರ್‌ವಾಲನ್ನು ಕಾಂತೇಶ ತನ್ನ ಜನ್ಮದಲ್ಲಿ ಕಟ್ಟಿರಲಿಲ್ಲ.

"ಹಂಗಾರ ಬರದಾರ ಕೊಡ್ರಿ!"

"ಬರದ್ರೂ ಅಷ್ಟ, ಅಂದ್ರೂ ಅಷ್ಟರಿ."

ಅವಳ ಗಂಡ ಬಸ್ಸಿನ ಕಂಡಕ್ಟರ್. ಕಾಂತೇಶ ಫೋನ್ ಹಚ್ಚಿದರೆ ಸ್ವಿಚ್ ಆಫ್. ಸಾವಿತ್ರೆವ್ವನ ಮೊಬೈಲಿನಲ್ಲಿ ಆ ನಂಬರಿನ ಮುಂದಿದ್ದದ್ದು 'ಮನಿಯವ್ರು' ಎಂದಷ್ಟೇ. ಅವನು ಉಳಿದ ಹೆಂಗಸರ ಕಡೆ ತಿರುಗಿ ಕೈ ಮುಗಿದ. ಕೆಂಪವ್ವ ಹಂಚಿನ ಮೇಲಿನ ರೊಟ್ಟಿ ಮಗುಚುತ್ತ ತಲೆ ಅಲ್ಲಾಡಿಸಿದಳು. "ನಮಗೆಲ್ಲಾ ಅಂವಾ ಕಂಡಕ್ಟರನ ನೋಡಪಾ. ಅಂವಗ ಒಂದ ಹೆಸರೂ ಐತಿ ಅಂತ ನನಗ ಇವತ್ತ ಗೊತ್ತಾತು."

ಇನ್ನು ಆರು ನಿಮಿಷ. ಕಂಪ್ಯೂಟರನ್ನೇ ಹೊತ್ತು ರೂಟರಿನ ಹತ್ತಿರ ಒಯ್ಯೋಣವೆಂದರೆ ಮೇಡಂಗೆ ಒಲೆ ಕಾಣುವುದಿಲ್ಲ. ಕಾಂತೇಶನ ಮೊಬೈಲಿನಲ್ಲಿ ನೆಟ್ ಸತ್ತುಬಿದ್ದಿತ್ತು, ಹೆಂಗಸರವೆಲ್ಲ ಬರೀ ಗುಂಡಿ ಒತ್ತುವ ಫೋನುಗಳು. ಸಾವಿತ್ರೆವ್ವನ ಕಣ್ಣಲ್ಲಿ ನೀರಾಡಿತು. ಒಂಬತ್ತು ಮನೆಯ ಅನ್ನ ತನ್ನ ನಾಲಿಗೆಯ ತುದಿಯಲ್ಲಿ ಸಿಕ್ಕಿಕೊಂಡಿದೆ ಎಂಬುದನ್ನು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಏ ಸಾವಿತ್ರಿ, ಸುಮ್ನ ಯಾಕ ಅಳತಿ?" ಕೆಂಪವ್ವ ಗದರಿದಳು. "ಒಡಪ ಹೇಳ! ಲಗ್ನದಾಗ ಮಂದಿ ಮುಂದ ಒಡಪ ಕಟ್ಟಿ ಹೆಸರ ಹೇಳಿದ್ದಿಲ್ಲೇನ? ಒಡಪಿನಾಗ ಹೇಳಿದ್ರ ದೋಷಿಲ್ಲ."

ಸಾವಿತ್ರೆವ್ವ ಎದ್ದು ನಿಂತಳು. ಕೈಯ ಹಿಟ್ಟು ಕೊಡವಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕಂಪ್ಯೂಟರಿನ ಕಡೆ ಮುಖ ಮಾಡಿದಳು. ಮುಖವೆಲ್ಲ ಕೆಂಪಗಾಗಿತ್ತು.

"ಕಾದ ಹಂಚಿನ ಮ್ಯಾಲ ಉಬ್ಬಿದ ಬಿಳಿಜ್ವಾಳದ ರೊಟ್ಟಿ ಚಂದ,
ಸೀಟಿ ಹೊಡದು ಬಸ್ ಬಿಡಸೂ ಮಡಿವಾಳೆಪ್ಪನವರ ಮೀಸಿ ಚಂದ!"

ಹೆಂಗಸರು ಹೋ ಎಂದು ಕೂಗಿ ಚಪ್ಪಾಳೆ ಹೊಡೆದರು. ಸಂಭ್ರಮದಲ್ಲಿ ಎರಡು ರೊಟ್ಟಿ ಸೀದವು. ಕಾಂತೇಶ ಮೀಸೆಯನ್ನು ಬಿಟ್ಟು ಹೆಸರನ್ನಷ್ಟೇ ಒತ್ತಿದ. ವೈಫೈ ಹತ್ತಿತು. ಆದರೆ ನಿನ್ನೆಯ ಅವನ ಫೈರ್‌ವಾಲ್ ತಂತಿಯ ದಾರಿಯೊಂದನ್ನೇ ಬಿಟ್ಟು ಉಳಿದದ್ದಕ್ಕೆಲ್ಲ ಅಗಳಿ ಹಾಕಿ ಕೂತಿತ್ತು. ತನ್ನನ್ನೇ ಬೈದುಕೊಳ್ಳುತ್ತ ವೈಫೈಗೂ ದಾರಿ ಬಿಡುವ ಒಂದು ಸಾಲು ಬರೆದ. ಗಡಿಯಾರದಲ್ಲಿ ಹನ್ನೊಂದಾಗಿ ಒಂದು ನಿಮಿಷ. ಉಮಾಶ್ರೀ ಮೇಡಂ ಪರದೆಯ ಮೇಲೆ ಕಾಣಿಸಿಕೊಂಡರು.

ಮೇಡಂ ಒಲೆ ನೋಡಿದರು, ಹಿಟ್ಟು ನೋಡಿದರು, ಎಲ್ಲರ ಉಗುರನ್ನೂ ನೋಡಿದರು. ಸೋಮವಾರದಿಂದಲೇ ರೊಟ್ಟಿ ಕಳಿಸಿ ಎಂದರು. "ಅಧ್ಯಕ್ಷರ ಹೆಸರು ಏನಂತ ಬರಕೊಳ್ಳಲ್ರಿ?" ಎಂದು ಕೇಳಿದಾಗ, "ಸಾವಿತ್ರೆವ್ವ ಅಂತ ಬರಕೋರಿ" ಎಂದು ಅವಳು ಎಷ್ಟು ಜೋರಾಗಿ ಹೇಳಿದಳೆಂದರೆ ಓಣಿಯ ನಾಯಿ ಬೊಗಳಿತು.

ಹೊರಡುವ ಮುಂಚೆ ಕಾಂತೇಶ ತನ್ನ ಕಸುಬಿನ ಮಾತೊಂದನ್ನು ಹೇಳಿದ. "ಅಕ್ಕಾರ, ಇಷ್ಟ ಮಂದಿ ಕೇಳಿದ ಮ್ಯಾಲ ಆ ಪಾಸ್‌ವರ್ಡ್ ಇಡಬಾರದ್ರಿ. ಈಗ ಬದಲಿ ಮಾಡಿ ಹೋಗತೇನಿ. ಏನ ಇಡ್ಲಿ?"

ಸಾವಿತ್ರೆವ್ವ ಹೊಸ ರೊಟ್ಟಿಗೆ ಹಿಟ್ಟು ನಾದತೊಡಗಿದ್ದಳು.

"ನನ್ನ ಹೆಸರ ಇಡ್ರಿ."

"ಅದು ಎಲ್ಲಾರಿಗೂ ಗೊತ್ತೈತೆಲ್ರಿ!"

"ಎಲ್ಲಾರಿಗೂ ಗೊತ್ತೈತಿ. ಇಪ್ಪತ್ತೆರಡ ವರ್ಷದಾಗ 'ಏ ಇಕಿ' ಅನ್ನೂದು ಬಿಟ್ಟರ ಮನಿಯವ್ರ ಒಮ್ಮೆನೂ ನನ್ನ ಹೆಸರ ಹಿಡದ ಕರದಿಲ್ರಿ. ಅವ್ರಿಗೆ ಹೊಳಿಯಾಕ ಎಷ್ಟ ದಿನಾ ಹಿಡಿತೈತಿ, ನೋಡೂಣು."